ಕಯಾಕ್ ಕೊಳ್ಳುವ ಮುನ್ನ: ನೀರು, ಮನೆ, ದಾರಿ ನೋಡಿ ದೋಣಿ ಆರಿಸುವ ಬಗೆ

ಬೆಂಗಳೂರು ಹೊಳೆದಂಡೆಯ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿ, ಅರ್ಕಾವತಿಯತ್ತ ಇಳಿಯುತ್ತದೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಯತ್ತ. ಹೊನ್ನಾವರದಲ್ಲೋ ಸಾಲಿಗ್ರಾಮದಲ್ಲೋ ಮನೆಯ ಹಿತ್ತಲಿಗೆ ಹೊಳೆ ತಾಗಿರುವವರು ಕಯಾಕನ್ನು, ಅಂದರೆ ಎರಡೂ ತುದಿಯಲ್ಲಿ ಅಲಗಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿಯನ್ನು, ಎಳೆದು ನೀರಿಗಿಟ್ಟರೆ ಮುಗಿಯಿತು. ಬೆಂಗಳೂರಿನವರು ಅದನ್ನು ಮೂರನೇ ಮಹಡಿಯಿಂದ ಇಳಿಸಬೇಕು, ಕಾರಿಗೆ ಕಟ್ಟಬೇಕು, ಎರಡರಿಂದ ಎಂಟು ಗಂಟೆ ಓಡಿಸಬೇಕು, ಆಮೇಲೆ ಏರಿಯ ಮೇಲಿಂದ ಹೊತ್ತು ಇಳಿಯಬೇಕು. ಅಷ್ಟೆಲ್ಲ ಮಾಡಲು ಆಗದ ದೋಣಿ ಎಷ್ಟೇ ಒಳ್ಳೆಯದಾದರೂ ನಿಮಗೆ ತಕ್ಕದ್ದಲ್ಲ. ಆದ್ದರಿಂದ ಬಣ್ಣ, ಕಂಪನಿ, ಸೀಟು ನೋಡುವ ಮೊದಲು ಯಾವ ನೀರು, ಎಲ್ಲಿ ಇಡುವುದು, ಹೇಗೆ ಒಯ್ಯುವುದು ಎಂಬ ಮೂರನ್ನು ತೀರ್ಮಾನಿಸಿಕೊಳ್ಳಿ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲ ಹೆಜ್ಜೆ: ಯಾವ ನೀರು?

ವರ್ಷದಲ್ಲಿ ಹತ್ತು ಸಲ ಹೋಗುವುದಾದರೆ ಅದರಲ್ಲಿ ಎಂಟು ಸಲ ಎಲ್ಲಿಗೆ ಹೋಗುತ್ತೀರಿ? ಆ ನೀರಿಗೆ ಹೊಂದುವ ದೋಣಿ ಕೊಳ್ಳಿ. ಉಳಿದ ಎರಡು ಸಲಕ್ಕೆ ಬಾಡಿಗೆಯದು ಸಾಕು.

ನಗರದೊಳಗಿನ ಕೆರೆಗಳನ್ನು ಲೆಕ್ಕಕ್ಕೆ ಹಿಡಿಯುವ ಮೊದಲು ಎರಡು ವಿಷಯ ನೋಡಬೇಕು. ಒಂದು ಅನುಮತಿ. ಹಲಸೂರು ಕೆರೆಯಲ್ಲಿ ಪ್ರವಾಸೋದ್ಯಮ ನಿಗಮದ ದೋಣಿವಿಹಾರವಿದೆ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಅಲ್ಲೇ ಅಭ್ಯಾಸ ಮಾಡುತ್ತಾರೆ ಎಂದಮಾತ್ರಕ್ಕೆ ಯಾರು ಬೇಕಾದರೂ ಸ್ವಂತ ದೋಣಿ ಇಳಿಸಬಹುದು ಎಂದಲ್ಲ. ಪ್ರತಿ ಕೆರೆಗೂ ಅದನ್ನು ನೋಡಿಕೊಳ್ಳುವ ಇಲಾಖೆಯನ್ನು ಕೇಳಲೇಬೇಕು. ಎರಡನೆಯದು ನೀರಿನ ಗುಣಮಟ್ಟ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆಗಳ ನೀರು ಪರೀಕ್ಷಿಸಿ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತದೆ. ಮೈ ನೆನೆಸಿಕೊಂಡು ಸ್ನಾನ ಮಾಡಲು ಯೋಗ್ಯವಾದದ್ದು ಬಿ ದರ್ಜೆ: ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, ಬಿಒಡಿ (ನೀರಿನ ಕೊಳೆಯನ್ನು ಜೀವಾಣುಗಳು ಕರಗಿಸಲು ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು, ಕೊಳಚೆ ಸೇರಿರುವುದನ್ನು ತೋರಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಎಣಿಕೆ 100 ಮಿಲಿಲೀಟರಿಗೆ 500 ಮೀರಬಾರದು. ನಗರದ ಬಹುತೇಕ ಕೆರೆಗಳು ಡಿ, ಇ ದರ್ಜೆಯವು. ಕಯಾಕ್‌ನಲ್ಲಿ ಕೂತವರು ಒದ್ದೆಯಾಗಿಯೇ ಆಗುತ್ತಾರೆ, ಕಲಿಯುವಾಗ ಮಗುಚಿಯೂ ಬೀಳುತ್ತಾರೆ. ಹಾಗಾಗಿ ಮನೆ ಪಕ್ಕದ ಕೆರೆಯನ್ನು ನಂಬಿ ದೋಣಿ ಕೊಳ್ಳಬೇಡಿ.

ಊರಾಚೆಯ ಕೆರೆ, ಜಲಾಶಯಗಳ ನೀರು ಸಾಮಾನ್ಯವಾಗಿ ನಿಂತ ನೀರು. ಆದರೆ ಕೆರೆ ಎಂದರೆ ಮನುಷ್ಯರು ಕಟ್ಟಿದ್ದು. ಅದಕ್ಕೆ ಏರಿ ಇದೆ, ತೂಬು ಇದೆ, ಕೋಡಿ ಇದೆ. ತೂಬು ತೆರೆದಿದ್ದಾಗ ಅದರ ಬಾಯಿಯ ಹತ್ತಿರ ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಕೋಡಿ ಬಿದ್ದ ಕೆರೆಯಲ್ಲಿ ಮೇಲ್ಮೈ ಶಾಂತವಾಗಿ ಕಂಡರೂ ನೀರು ಒಂದೇ ಕಡೆಗೆ ಜಾರುತ್ತಿರುತ್ತದೆ. ಎರಡರಿಂದಲೂ ಕನಿಷ್ಠ 100 ಮೀಟರ್ ದೂರವಿರಿ. ಅಂಚಿನಲ್ಲಿ ಹೂಳು ಆಳವಾಗಿರುತ್ತದೆ. ಮಂಡಿಯುದ್ದ ನೀರು ಎಂದು ಕಾಲಿಟ್ಟರೆ ತೊಡೆಯವರೆಗೆ ಕೆಸರಿನಲ್ಲಿ ಹೂತುಹೋಗಬಹುದು. ಇಂಥ ಕಡೆ ದೋಣಿಯಿಂದ ಇಳಿಯದೆ ಗಟ್ಟಿ ನೆಲ ಹುಡುಕಿ ದಡ ಸೇರಬೇಕು.

ಕಾವೇರಿಯ ಭೀಮೇಶ್ವರಿ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ಅಲ್ಲಿ ನದಿ ಬಂಡೆಗಳ ನಡುವೆ ಹರಿಯುತ್ತದೆ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ, ಮೊಸಳೆಗಳೂ ಇವೆ. ಅಲ್ಲಿನವರ ಹರಿಗೋಲು ಆ ನೀರಿಗೆ ಹೊಂದಿರುವುದು ಸುಮ್ಮನೆ ಅಲ್ಲ: ತಳ ಚಪ್ಪಟೆ, ಬಂಡೆಗೆ ತಾಗಿದರೂ ಗಿರ್ರನೆ ತಿರುಗಿ ಜಾರಿಕೊಳ್ಳುತ್ತದೆ. ಉದ್ದನೆಯ ಕಯಾಕ್ ಬಂಡೆಗೆ ಅಡ್ಡವಾಗಿ ಸಿಕ್ಕಿಕೊಂಡರೆ ನೀರಿನ ಒತ್ತಡಕ್ಕೆ ಮಡಚಿಹೋಗುತ್ತದೆ. ಭೀಮೇಶ್ವರಿಗೆ, ದಾಂಡೇಲಿಯ ಕಾಳಿಯ ರಭಸಕ್ಕೆ ಮನರಂಜನೆಯ ಕಯಾಕ್ ಒಯ್ಯಬೇಡಿ. ಅಲ್ಲಿ ಮಾರ್ಗದರ್ಶಕರಿರುವ ಸಂಸ್ಥೆಯ ದೋಣಿಯಲ್ಲೇ ಹೋಗಿ.

ಸ್ವಂತ ಕಯಾಕ್ ಇಟ್ಟುಕೊಂಡವರಿಗೆ ನಿಜವಾದ ಸುಖ ಕೊಡುವುದು ಮಲೆನಾಡಿನ ಹಿನ್ನೀರು ಮತ್ತು ಕರಾವಳಿಯ ಅಳಿವೆಗಳು. ಸಾಗರ ತಾಲೂಕಿನ ಹೊನ್ನೆಮರಡು, ಹೊನ್ನಾವರದ ಶರಾವತಿ, ಸಾಲಿಗ್ರಾಮದ ಸೀತಾ ನದಿಯ ಕಾಂಡ್ಲಾ ಕಾಡು ಇಂಥವು. ಹಿನ್ನೀರಿನಲ್ಲಿ ಬಯಲು ದೊಡ್ಡದು, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಮುಳುಗಿದ ಮರಗಳ ಮೋಟು ಮೇಲ್ಮೈಯ ಒಂದು ಗೇಣು ಕೆಳಗೇ ನಿಂತಿರುತ್ತದೆ. ಅಳಿವೆಯಲ್ಲಿ ಸುಮಾರು ಆರು ಗಂಟೆಗೊಮ್ಮೆ ಭರತ, ಇಳಿತ ತಿರುಗುತ್ತವೆ. ಇಳಿತದಲ್ಲಿ ಸಮುದ್ರದ ಬಾಯಿಯತ್ತ ಹೋಗಿಬಿಟ್ಟರೆ ಮರಳುವಾಗ ಸೆಳೆತದ ಎದುರು ಹುಟ್ಟು ಹಾಕಬೇಕು. ಭರತ ಶುರುವಾಗುವಾಗ ಹೊಳೆಯ ಮೇಲ್ಭಾಗಕ್ಕೆ ಹೋಗಿ ಇಳಿತದಲ್ಲಿ ಹಿಂದಿರುಗುವಂತೆ ಹೊತ್ತು ನೋಡಿಕೊಳ್ಳಿ.

ಎರಡನೆಯದು: ಎಲ್ಲಿ ಇಡುತ್ತೀರಿ, ಹೇಗೆ ಒಯ್ಯುತ್ತೀರಿ?

ಅಳತೆಪಟ್ಟಿ ತೆಗೆದುಕೊಂಡು ಮನೆಯಲ್ಲೇ ಈ ಕೆಲಸ ಮುಗಿಸಿ. 10 ಅಡಿಯ ಗಟ್ಟಿ ಕಯಾಕ್ ಎಂದರೆ 3 ಮೀಟರಿಗೂ ಸ್ವಲ್ಪ ಹೆಚ್ಚು. ಅಪಾರ್ಟ್‌ಮೆಂಟಿನ ಸಾಮಾನ್ಯ ಲಿಫ್ಟಿನಲ್ಲಿ ಅದನ್ನು ನಿಲ್ಲಿಸಿಯೂ ಒಯ್ಯಲಾಗದು. ಮೆಟ್ಟಿಲಿನ ತಿರುವಿನಲ್ಲಿ ಹಿಡಿಯುತ್ತದೆಯೇ ಎಂದು ತಿಳಿಯಲು 10 ಅಡಿಯ ಎರಡು ಪಿವಿಸಿ ಪೈಪನ್ನು 30 ಇಂಚು ಅಂತರದಲ್ಲಿ ಜೋಡಿಸಿ ಕಟ್ಟಿ, ಇಬ್ಬರು ಹಿಡಿದು ಇಳಿಸಿ ನೋಡಿ. ನೆಲಮಾಳಿಗೆಯ ಪಾರ್ಕಿಂಗ್ ಗೋಡೆಗೆ ತೂಗುಹಾಕುವುದಾದರೆ ದೋಣಿ ಕೊಳ್ಳುವ ಮೊದಲೇ ನಿವಾಸಿಗಳ ಸಂಘದಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇದನ್ನು ಆಮೇಲಕ್ಕೆ ಬಿಟ್ಟವರ ದೋಣಿ ಎಷ್ಟೋ ಸಲ ಹಾಲ್‌ನಲ್ಲಿ ನಿಂತುಬಿಡುತ್ತದೆ.

ಆಮೇಲೆ ತೂಕ. ಒಬ್ಬರು ಕೂರುವ 10 ಅಡಿಯ ಪ್ಲಾಸ್ಟಿಕ್ ಕಯಾಕ್ 20ರಿಂದ 28 ಕೆ.ಜಿ., ಇಬ್ಬರದು 30ರಿಂದ 36, ಪೆಡಲ್ ಇರುವ ಮೀನುಗಾರಿಕೆಯ ದೋಣಿ ಎಲ್ಲ ಜೋಡಿಸಿದರೆ 40ರಿಂದ 50. ಆರೋಗ್ಯವಂತ ವಯಸ್ಕರೊಬ್ಬರು ಪದೇಪದೇ ಕಾರಿನ ಮೇಲಕ್ಕೆ ಎತ್ತಲು ಆಗುವುದು ಸುಮಾರು 22 ಕೆ.ಜಿ.ವರೆಗೆ. ಎಂಟು ತಾಸು ಹುಟ್ಟು ಹಾಕಿದ ಮೇಲೆ ಎತ್ತುವುದು ಬೆಳಗ್ಗೆ ಎತ್ತಿದಷ್ಟು ಸುಲಭವಲ್ಲ ಎಂಬುದನ್ನೂ ನೆನಪಿಡಿ. ಒಬ್ಬರೇ ಹೋಗುವವರಾದರೆ 22 ಕೆ.ಜಿ. ಮೀರಿದ ಗಟ್ಟಿ ದೋಣಿಯನ್ನು ಪಟ್ಟಿಯಿಂದ ಅಳಿಸಿಹಾಕಿ.

ಕಾರಿನ ಮೇಲಿನ ಅಡ್ಡಪಟ್ಟಿಗಳಿಗೆ ಭಾರದ ಮಿತಿ ಇರುತ್ತದೆ, ಕಾರಿನ ಕೈಪಿಡಿಯಲ್ಲಿ ಕಾರಿನ ಚಾವಣಿಗೆ ಬೇರೆ ಮಿತಿ ಇರುತ್ತದೆ. ಎರಡರಲ್ಲಿ ಕಡಿಮೆಯಿರುವುದೇ ನಿಮ್ಮ ಮಿತಿ, ಅದರಲ್ಲಿ ಅಡ್ಡಪಟ್ಟಿಯ ತೂಕವೂ ಸೇರಿತು. ಪ್ಲಾಸ್ಟಿಕ್ ದೋಣಿಯನ್ನು ಮಗುಚಿ, ತಳ ಮೇಲಾಗಿ ಕಟ್ಟಿ. ರ‍್ಯಾಚೆಟ್ ಪಟ್ಟಿ (ಹಲ್ಲುಚಕ್ರದ ಹಿಡಿಕೆಯಿಂದ ಬಿಗಿಸುವುದು) ಬೇಡ. ಅದು ಮನುಷ್ಯನ ಕೈಗಿಂತ ಎಷ್ಟೋ ಪಟ್ಟು ಬಿಗಿಯುತ್ತದೆ, ಮೇ ತಿಂಗಳ ಬಿಸಿಲಿನಲ್ಲಿ ಮೆತ್ತಗಾದ ತಳದಲ್ಲಿ ಗುಂಡಿ ಬಿದ್ದು ಹಾಗೇ ಉಳಿಯುತ್ತದೆ. ಕೈಯಿಂದಲೇ ಎಳೆದು ಬಿಗಿಸುವ ಕ್ಯಾಮ್ ಬಕಲ್ ಇರುವ ಎರಡು ಪಟ್ಟಿ, ಮುಂದಿನ ತುದಿಗೊಂದು ಹಗ್ಗ, ಹಿಂದಿನ ತುದಿಗೊಂದು ಹಗ್ಗ ಸಾಕು. ಪಟ್ಟಿಯನ್ನು ಒಂದು ಸುತ್ತು ತಿರುಚಿ ಎಳೆದರೆ ಹೆದ್ದಾರಿಯಲ್ಲಿ ಗಾಳಿಗೆ ಗುಂಯ್‌ಗುಡುವುದಿಲ್ಲ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ನೋಡಿ. ಮೊದಲ ಕೆಲವು ಉಬ್ಬುಗಳಲ್ಲೇ ದೋಣಿ ತನ್ನ ಜಾಗದಲ್ಲಿ ಕೂತು ಪಟ್ಟಿ ಸಡಿಲವಾಗಿರುತ್ತದೆ.

ಗೂಡ್ಸ್ ಆಟೊ ಮಾಡಿಕೊಂಡು ಹೋಗೋಣ ಎನ್ನುವವರು ಗಮನಿಸಿ: ಟಾಟಾ ಏಸ್‌ನಂಥ ವಾಹನದ ಹಿಂಭಾಗ ಸುಮಾರು 7 ಅಡಿ. ಹತ್ತಡಿಯ ದೋಣಿ 3 ಅಡಿ ಆಚೆ ಚಾಚುತ್ತದೆ. ಹಿಂದೆ ಬರುವ ಬೈಕಿನವರಿಗೆ ಅದು ಸರಿಯಾಗಿ ಮುಖದ ಎತ್ತರ. ಇಂಥ ಸಾಗಣೆ ಬೇಡ.

ಮೂರನೆಯದು: ಜಾತಿ ಯಾವುದು?

ಇಲ್ಲಿಯವರೆಗಿನ ಉತ್ತರಗಳನ್ನು ಇಟ್ಟುಕೊಂಡರೆ ಜಾತಿಯ ಆಯ್ಕೆ ಮುಕ್ಕಾಲು ಭಾಗ ಮುಗಿದಿರುತ್ತದೆ.

ಸಿಟ್-ಆನ್-ಟಾಪ್ ಎನ್ನುವ ದೋಣಿಯಲ್ಲಿ ಒಡಲು ಪೂರ್ತಿ ಮುಚ್ಚಿರುತ್ತದೆ, ನಾವು ಅದರ ಬೆನ್ನಿನ ಮೇಲೆ ಕೂರುತ್ತೇವೆ. ಮೇಲೆ ಬಿದ್ದ ನೀರು ಸ್ಕಪ್ಪರ್ ಎನ್ನುವ ಆರ್‌ಪಾರ್ ತೂತುಗಳಿಂದ ಇಳಿದುಹೋಗುತ್ತದೆ. ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು, ನೀರು ಎತ್ತಿ ಚೆಲ್ಲುವ ಕೆಲಸವಿಲ್ಲ. ಕರ್ನಾಟಕದಲ್ಲಿ ನೀರು ಮೈ ನಡುಗಿಸುವಷ್ಟು ತಣ್ಣಗಿರುವುದಿಲ್ಲ, ಬಿಸಿಲೇ ಹೆಚ್ಚು. ಆದ್ದರಿಂದ ಹೊಸಬರಿಗೆ, ಮೀನು ಹಿಡಿಯುವವರಿಗೆ, ಮಕ್ಕಳಿರುವ ಮನೆಗೆ ಇದೇ ಸರಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಒಳಗೆ ಕಾಲು ತೂರಿಸಿ ಕೂರುವ ಸಿಟ್-ಇನ್‌ಸೈಡ್ ದೋಣಿ ಹಗುರ, ವೇಗ ಹೆಚ್ಚು, ಗಾಳಿಗೆ ಒಡ್ಡಿಕೊಳ್ಳುವುದು ಕಡಿಮೆ. ಆದರೆ ಮಗುಚಿದರೆ ಒಳಗೆ 150 ಲೀಟರಿಗೂ ಹೆಚ್ಚು ನೀರು ತುಂಬಬಹುದು. ಅಷ್ಟು ನೀರು ಎಂದರೆ 150 ಕೆ.ಜಿ. ಭಾರ. ಆ ದೋಣಿಯನ್ನು ನೀರಿನ ನಡುವೆ ಒಬ್ಬರೇ ಬರಿದು ಮಾಡಲಾಗದು. ಒಳಗಡೆ ಮುಂದೆ, ಹಿಂದೆ ಎರಡೂ ಕಡೆ ಅಡ್ಡಗೋಡೆ ಇದ್ದರೆ ನೀರು ತುಂಬುವ ಜಾಗ ಕಡಿಮೆಯಾಗುತ್ತದೆ. ಅಗ್ಗದ ದೋಣಿಗಳಲ್ಲಿ ಈ ಗೋಡೆ ಒಂದೇ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಲಿಂಗನಮಕ್ಕಿ ಹಿನ್ನೀರಿನಂಥ ಬಯಲಲ್ಲಿ ದಿನಕ್ಕೆ 15–20 ಕಿ.ಮೀ. ಹೋಗಿ ಬೀಡುಬಿಡುವ ಆಸೆಯಿದ್ದು, ಮಗುಚಿದಾಗ ಹೊರಬರುವುದನ್ನೂ ಹತ್ತುವುದನ್ನೂ ಗುರುಗಳಿಂದ ಕಲಿತಿದ್ದರೆ ಮಾತ್ರ 12ರಿಂದ 14 ಅಡಿಯ, ಎರಡು ಅಡ್ಡಗೋಡೆಯ ದೋಣಿ ಕೊಳ್ಳಿ.

ಗಾಳಿ ತುಂಬುವ ದೋಣಿ ಫ್ಲ್ಯಾಟಿನವರ ಪಾಲಿಗೆ ದೊಡ್ಡ ಪರಿಹಾರ. 10ರಿಂದ 18 ಕೆ.ಜಿ., ಚೀಲದಲ್ಲಿ ಸುತ್ತಿದರೆ ಚಿಕ್ಕ ಕಾರಿನ ಡಿಕ್ಕಿಯಲ್ಲೇ ಹಿಡಿಸುತ್ತದೆ. ಇದರಲ್ಲಿ ಎರಡು ಬಗೆ. ಕೊಳವೆಯಾಕಾರದ ಬದಿಗಳಿರುವ ಸಾಮಾನ್ಯ ದೋಣಿಗೆ, ಒತ್ತಡದ ಅಳತೆಯಲ್ಲಿ, 1.5ರಿಂದ 3 ಪಿಎಸ್‌ಐ ಗಾಳಿ. ಡ್ರಾಪ್ ಸ್ಟಿಚ್ ಎನ್ನುವುದರಲ್ಲಿ ಮೇಲಿನ, ಕೆಳಗಿನ ಪದರಗಳನ್ನು ಒಳಗಿನ ಸಾವಿರಾರು ದಾರಗಳು ಹಿಡಿದಿರುತ್ತವೆ, ಹಾಗಾಗಿ ಸುಮಾರು 8ರಿಂದ 10 ಪಿಎಸ್‌ಐ ತುಂಬಿದರೂ ಉಬ್ಬದೆ ಹಲಗೆಯಂತೆ ಗಟ್ಟಿಯಾಗುತ್ತದೆ. ಕನಿಷ್ಠ ತಳವಾದರೂ ಡ್ರಾಪ್ ಸ್ಟಿಚ್ ಇರುವುದನ್ನು ಆರಿಸಿ. ತಳ ಮೆತ್ತಗಿದ್ದರೆ ಕೂತವರ ಸೊಂಟದ ಬಳಿ ದೋಣಿ ಕುಸಿದು ಬಾಳೆಹಣ್ಣಿನಂತೆ ಬಾಗುತ್ತದೆ, ಎಳೆದ ಶಕ್ತಿಯೆಲ್ಲ ವ್ಯರ್ಥ.

ಇದಕ್ಕೆ ಬೆಂಗಳೂರಿನವರು ತಿಳಿಯಬೇಕಾದ ಒಂದು ವಿಶೇಷವಿದೆ. ನಮ್ಮ ಊರಿನ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ. ಇಲ್ಲಿ 3 ಪಿಎಸ್‌ಐ ತುಂಬಿ ಹೊನ್ನಾವರಕ್ಕೆ ಒಯ್ದರೆ ಅಲ್ಲಿ ಮಾಪಕ ಒಂದೂವರೆ ತೋರಿಸುತ್ತದೆ, ದೋಣಿ ಸೊರಗಿರುತ್ತದೆ. ಅಲ್ಲಿ ತುಂಬಿದ್ದನ್ನು ಹಾಗೇ ಘಾಟಿ ಹತ್ತಿಸಿದರೆ ನಾಲ್ಕೂವರೆಗೆ ಏರಿ ಬೆಸುಗೆ ಬಿಡಬಹುದು. ಗಾಳಿಯನ್ನು ದಡದಲ್ಲೇ ತುಂಬಿ, ದಡದಲ್ಲೇ ಬಿಡಿ, ಮಾಪಕವಿರುವ ಪಂಪನ್ನೇ ಇಟ್ಟುಕೊಳ್ಳಿ. ಊಟಕ್ಕೆಂದು ದೋಣಿಯನ್ನು ಬಿಸಿಲಿನಲ್ಲಿ ಎಳೆದಿಟ್ಟರೆ ಒಳಗಿನ ಗಾಳಿ ಕಾದು ಒತ್ತಡ ಏರುತ್ತದೆ. ನೆರಳಿಗೆ ಸರಿಸಿ, ಇಲ್ಲವೇ ಸ್ವಲ್ಪ ಗಾಳಿ ಬಿಡಿ.

ಇದರ ದೊಡ್ಡ ಶತ್ರು ಬಂಡೆಯಲ್ಲ, ಜಾಲಿಮುಳ್ಳು. ನಮ್ಮ ಸೀಮೆಯ ಕೆರೆಯಂಗಳ, ಏರಿಗಳ ಮೇಲೆಲ್ಲ ಅದು ಬಿದ್ದಿರುತ್ತದೆ. ದಪ್ಪ ಟಾರ್ಪಾಲ್ ಹಾಸದೆ ದೋಣಿ ಬಿಡಿಸಬೇಡಿ, ದಡದ ಮೇಲೆ ಎಳೆಯದೆ ಹೊತ್ತು ಒಯ್ಯಿರಿ. ಪಂಕ್ಚರ್ ಕಿಟ್‌ನ ಅಂಟು ಒಮ್ಮೆ ತೆರೆದರೆ ಕೆಲವು ತಿಂಗಳಲ್ಲೇ ಒಣಗುತ್ತದೆ. ಪ್ರತಿ ಪ್ರವಾಸಕ್ಕೂ ಮುನ್ನ ಟ್ಯೂಬ್ ಒತ್ತಿ ನೋಡಿ.

ನಾಲ್ಕನೆಯದು: ತೂಕದ ಲೆಕ್ಕ

ದೋಣಿಯ ಮೇಲೆ ಬರೆದಿರುವ ಗರಿಷ್ಠ ಭಾರವನ್ನು ಹಾಗೇ ನಂಬಿ ಕೊಂಡು ಮೋಸಹೋಗುವವರು ಬಹಳ. ಅದು ದೋಣಿ ತೇಲುವ ಮಿತಿ, ಚೆನ್ನಾಗಿ ಸಾಗುವ ಮಿತಿಯಲ್ಲ. ಅದರ ಹತ್ತಿರ ಭಾರ ಹಾಕಿದರೆ ಸ್ಕಪ್ಪರ್ ತೂತುಗಳಿಂದ ನೀರು ಮೇಲಕ್ಕೇ ಬರುತ್ತದೆ, ಸೀಟು ಸದಾ ಒದ್ದೆ, ಅಂಚು ನೀರಿಗೆ ತೀರ ಹತ್ತಿರ. ಬರೆದಿರುವ ಮಿತಿಯ ಶೇ. 70ರೊಳಗೇ ಇರಿ.

ಲೆಕ್ಕ ಹೀಗೆ: ಗಂಡ 78 ಕೆ.ಜಿ., ಹೆಂಡತಿ 62, ಮಗು 18. ನೀರು, ಬುತ್ತಿ, ಹುಟ್ಟು, ಲೈಫ್ ಜಾಕೆಟ್, ಲಂಗರು ಸೇರಿ 12. ಒಟ್ಟು 170. ಇದನ್ನು 0.7ರಿಂದ ಭಾಗಿಸಿದರೆ 243. ಅಂದರೆ 200 ಕೆ.ಜಿ. ಎಂದು ಬರೆದಿರುವ ಇಬ್ಬರ ದೋಣಿ ಈ ಮನೆಗೆ ಸಾಲದು, ಅದು ತೇಲಿದರೂ ಸಾಲದು. ಒಬ್ಬರೇ ಹೋಗುವ 80 ಕೆ.ಜಿ. ವ್ಯಕ್ತಿ 10 ಕೆ.ಜಿ. ಸಾಮಾನು ಇಟ್ಟರೆ 130 ಕೆ.ಜಿ. ಮಿತಿಯ ದೋಣಿ ಬೇಕು. ಮಗು ಬೆಳೆಯುತ್ತದೆ. ಇನ್ನು ಐದು ವರ್ಷದ ಮೇಲಿನ ತೂಕ ಹಾಕಿ ಲೆಕ್ಕ ಮಾಡಿ.

ಐದನೆಯದು: ಉದ್ದ, ಅಗಲ, ತಳ

ಉದ್ದ ಹೆಚ್ಚಿದಷ್ಟೂ ದೋಣಿ ನೇರ ಹೋಗುತ್ತದೆ, ವೇಗವೂ ಹೆಚ್ಚು. ಗಿಡ್ಡಗಿದ್ದಷ್ಟೂ ಬೇಗ ತಿರುಗುತ್ತದೆ, ಪ್ರತಿ ಎಳೆತಕ್ಕೂ ಮೂತಿ ಅತ್ತಿತ್ತ ಆಡುತ್ತದೆ. ಅಗಲ ಹೆಚ್ಚಿದರೆ ಅಲುಗಾಟ ಕಡಿಮೆ, ಶ್ರಮ ಹೆಚ್ಚು. ಆರಾಮದ ಸುತ್ತಾಟಕ್ಕೆ 9ರಿಂದ 12 ಅಡಿ ಉದ್ದ, 28ರಿಂದ 34 ಇಂಚು ಅಗಲ. ಮೀನುಗಾರಿಕೆಗೆ 10ರಿಂದ 13 ಅಡಿ, 33ರಿಂದ 36 ಇಂಚು. ಕುಟುಂಬದ ದೋಣಿ 12ರಿಂದ 14 ಅಡಿ.

ಎಂಟೂವರೆ ಅಡಿಯ ದೋಣಿ ಅಗ್ಗ ಎಂದು ಕೊಳ್ಳಬೇಡಿ. ಗಾಳಿಗೆದುರಾಗಿ ಹಿನ್ನೀರು ದಾಟುವಾಗ ಅದರ ಮೇಲಿನ ಸಿಟ್ಟು ತೋಳಿನಲ್ಲಿ ಕೂರುತ್ತದೆ. ಅದು 10 ವರ್ಷ ಮೇಲ್ಪಟ್ಟ ಮಕ್ಕಳಿಗೆ, ದಡದ ಹತ್ತಿರದ ಆಟಕ್ಕೆ ಸರಿ.

ಚಪ್ಪಟೆ ತಳ ಕೂತ ಕೂಡಲೇ ಭದ್ರ ಅನಿಸುತ್ತದೆ, ಆದರೆ ಪಕ್ಕದಿಂದ ಅಲೆ ಬಂದರೆ ಅಲೆಯ ಇಳಿಜಾರಿಗೇ ಅಂಟಿಕೊಂಡು ವಾಲುತ್ತದೆ, ಒಂದು ಹಂತ ಮೀರಿದರೆ ಥಟ್ಟನೆ ಮಗುಚುತ್ತದೆ. ಸ್ವಲ್ಪ ವಿ ಆಕಾರವಿರುವ ತಳ ಮೊದಲು ಅಲುಗುತ್ತದೆ, ವಾಲಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಎರಡು ಬದಿ ಉಬ್ಬಿ ನಡುವೆ ಕಾಲುವೆಯಿರುವ ತಳ ನಿಂತು ಗಾಳ ಎಸೆಯುವವರಿಗೆ ಒಳ್ಳೆಯದು, ನಿಧಾನ. ಅಂಗಡಿಯಲ್ಲಿ ಕೂತು ಅಲುಗಾಡಿಸಿ ನೋಡುವುದರಿಂದ ಇದ್ಯಾವುದೂ ತಿಳಿಯುವುದಿಲ್ಲ.

ಮೀನು ಹಿಡಿಯುವವರಿಗೆ

ಮೊದಲು ಹಕ್ಕಿನ ಮಾತು. ಕೆರೆಯ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯೋ ಪಂಚಾಯಿತಿಯೋ ಗುತ್ತಿಗೆ ಕೊಟ್ಟಿರುತ್ತದೆ. ಕಾಟ್ಲ, ರೋಹು ಮರಿ ಬಿಟ್ಟು ಸಾಕಿದವರು ಆ ಗುತ್ತಿಗೆದಾರರು. ಅವರನ್ನು ಕೇಳದೆ ಗಾಳ ಹಾಕುವುದು ಕಳ್ಳತನವೇ. ಅವರು ಹಾಸಿದ ಬಲೆ ಎಲ್ಲಿದೆ ಎಂಬುದೂ ಅವರನ್ನು ಕೇಳಿದರೆ ತಾನೇ ತಿಳಿಯುವುದು? ಚುಕ್ಕಾಣಿ ಬಲೆಗೆ ಸಿಕ್ಕರೆ ಬಲೆಯೂ ಹಾಳು, ದೋಣಿಯೂ ಕದಲದು. ಕಾವೇರಿ ವನ್ಯಧಾಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯದು. ಅಲ್ಲಿನ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಆ ನೀರಿಗೆ ರಾಡ್ ಒಯ್ಯಬೇಡಿ.

ದೋಣಿಯಲ್ಲಿ ನೋಡಬೇಕಾದದ್ದು ರಾಡ್ ಹೋಲ್ಡರ್‌ಗಳ ಸಂಖ್ಯೆಯಲ್ಲ. ಅವನ್ನು ಆಮೇಲೂ ಹಾಕಿಸಬಹುದು. ಮೊದಲು ಸೀಟು: ನೆಲದಿಂದ ಎದ್ದಿರುವ, ಬಲೆಬಟ್ಟೆಯ, ಎರಡು ಎತ್ತರದಲ್ಲಿ ಕೂರಿಸಬಹುದಾದ ಸೀಟು. ಗಾಳಿಯಿದ್ದಾಗ ಕೆಳಗಿನ ಎತ್ತರ, ಗಾಳಿ ನಿಂತಾಗ ಮೇಲಿನದು. ಎರಡನೆಯದು ಕಾಲಿಡುವ ಜಾಗ ಸಮತಟ್ಟಾಗಿದ್ದು ಮೆತ್ತೆ ಅಂಟಿಸಿರಬೇಕು. ಬರಿ ಪ್ಲಾಸ್ಟಿಕ್ ಮೇಲೆ ಡಬ್ಬಿ ಬಿದ್ದ ಸದ್ದು ನೀರಿನಲ್ಲಿ ದೂರ ಹೋಗುತ್ತದೆ, ಜೊಂಡಿನ ನೆರಳಲ್ಲಿ ನಿಂತ ಕೊರವ ಮೀನು ಮೊದಲೇ ಸರಿದುಬಿಡುತ್ತದೆ. ಮೂರನೆಯದು ಬದಿಗಳುದ್ದಕ್ಕೂ ಉಪಕರಣ ಕೂರಿಸುವ ಹಳಿ. ಇದಿದ್ದರೆ ದೋಣಿಗೆ ತೂತು ಕೊರೆಯಬೇಕಿಲ್ಲ.

ಪೆಡಲ್ ಯಂತ್ರದ ಆಸೆ ಎಲ್ಲರಿಗೂ ಇರುತ್ತದೆ. ಕೈ ಎರಡೂ ರಾಡಿಗೆ ಬಿಡುವು. ಆದರೆ ಅದು ತಳದ ಕೆಳಗೆ ಒಂದು ಅಡಿಗೂ ಹೆಚ್ಚು ಇಳಿದಿರುತ್ತದೆ. ನಮ್ಮ ಕೆರೆಗಳಲ್ಲಿ ಅಂತರಗಂಗೆ ಕಳೆ, ಜೊಂಡು, ಆಳವಿಲ್ಲದ ಹೂಳು. ಕಳೆ ಸುತ್ತಿಕೊಂಡರೆ ಪ್ರತಿ ಹತ್ತು ನಿಮಿಷಕ್ಕೂ ಎತ್ತಿ ಬಿಡಿಸುವ ಕೆಲಸ. ದೊಡ್ಡ ಹಿನ್ನೀರಿಗೆ, ಅಳಿವೆಗೆ ಪೆಡಲ್ ಒಳ್ಳೆಯದು. ಕೆರೆಗೆ ಹುಟ್ಟೇ ಮೇಲು.

ಲಂಗರು 1.5 ಕೆ.ಜಿ.ಯ ಮಡಚುವಂಥದು ನಿಂತ ನೀರಿಗೆ ಸಾಕು. ಹಗ್ಗ ಆಳದ ಮೂರು ಪಟ್ಟಾದರೂ ಇರಲಿ. ಅದನ್ನು ದೋಣಿಯ ಬದಿಗೆ ಎಂದೂ ಕಟ್ಟಬೇಡಿ. ಬದಿಗೆ ಕಟ್ಟಿದ ಹಗ್ಗ ಬಿಗಿಯಾದ ಕ್ಷಣ ಅಂಚನ್ನು ಕೆಳಗೆಳೆದು ದೋಣಿ ಮಗುಚುತ್ತದೆ. ಮುಂದಿನ ಅಥವಾ ಹಿಂದಿನ ತುದಿಗೆ ಲಂಗರಿನ ಬಿಂದುವನ್ನು ಸರಿಸುವ ರಾಟೆಹಗ್ಗ ಹಾಕಿಸಿಕೊಳ್ಳಿ, ಹಗ್ಗ ಕತ್ತರಿಸಲು ಚಾಕುವೊಂದು ಜಾಕೆಟ್ಟಿನಲ್ಲೇ ಇರಲಿ. ಹರಿಯುವ ನೀರಿನಲ್ಲಿ ಲಂಗರು ಬೇಡವೇ ಬೇಡ.

ಮಕ್ಕಳೊಂದಿಗೆ ಹೋಗುವವರಿಗೆ

ಇಬ್ಬರ ದೋಣಿ ಒಂದೋ, ಒಬ್ಬೊಬ್ಬರ ದೋಣಿ ಎರಡೋ? ಮಗು ಎಂಟು ವರ್ಷದೊಳಗಿದ್ದರೆ ಒಂದೇ ದೊಡ್ಡ ದೋಣಿ. ಹನ್ನೆರಡು ದಾಟಿ ಈಜು ಬಂದರೆ ಎರಡು. ನಡುವಿನ ವಯಸ್ಸಿನವರಿಗೆ, ನಡುವೆ ಚಿಕ್ಕ ಸೀಟಿರುವ, ಹಿಂದಿನ ಸೀಟನ್ನು ಮಧ್ಯಕ್ಕೆ ಸರಿಸಿ ಒಬ್ಬರೇ ಓಡಿಸಬಹುದಾದ ಇಬ್ಬರ ದೋಣಿ ಬಹಳ ಉಪಯೋಗಿ. ಮಗು ಬರಲೊಲ್ಲದ ದಿನವೂ ದೋಣಿ ಹೊರಡುತ್ತದೆ.

ಹೆಚ್ಚು ತೂಕದವರು ಹಿಂದೆ ಕೂರಬೇಕು. ಮುಂದೆ ಭಾರ ಹೆಚ್ಚಾದರೆ ಮೂತಿ ನೀರಿಗೆ ಇಳಿದು ದೋಣಿ ಮಾತು ಕೇಳುವುದಿಲ್ಲ. ಮುಂದಿನವರು ಎಳೆತದ ಲಯ ಹಿಡಿಯುತ್ತಾರೆ, ಹಿಂದಿನವರು ಅದಕ್ಕೇ ಹೊಂದಿಕೊಂಡು ತಿರುಗಿಸುತ್ತಾರೆ. ಇದನ್ನು ಹೊರಡುವ ಮೊದಲೇ ಮಾತಾಡಿಕೊಂಡರೆ ಹುಟ್ಟಿಗೆ ಹುಟ್ಟು ಬಡಿಯುವುದಿಲ್ಲ, ಜಗಳವೂ ಇಲ್ಲ. ಮಗುವನ್ನು ಯಾವ ಕಾರಣಕ್ಕೂ ದೋಣಿಗೆ ಹಗ್ಗದಿಂದ ಕಟ್ಟಬೇಡಿ.

ಹುಟ್ಟು ಮತ್ತು ಜಾಕೆಟ್

ಇಟ್ಟಿರುವ ದುಡ್ಡಿನಲ್ಲಿ ಕಾಲುಭಾಗ ಇವೆರಡಕ್ಕೆ ತೆಗೆದಿಡಿ. ದೋಣಿಯ ಜತೆ ಪುಕ್ಕಟೆ ಬರುವ ಹುಟ್ಟು ಸಾಮಾನ್ಯವಾಗಿ ಭಾರ. ನಿಮಿಷಕ್ಕೆ 40–50 ಸಲ ಎಳೆದರೂ ಗಂಟೆಗೆ 2,400ರಿಂದ 3,000 ಸಲ ಅದನ್ನು ಎತ್ತುತ್ತೀರಿ. 300 ಗ್ರಾಂ ವ್ಯತ್ಯಾಸ ಸಂಜೆ ಹೊತ್ತಿಗೆ ಭುಜಕ್ಕೆ ಗೊತ್ತಾಗುತ್ತದೆ. ದೋಣಿ 28 ಇಂಚಿನೊಳಗಿದ್ದರೆ 220–230 ಸೆಂ.ಮೀ., 28ರಿಂದ 32 ಇಂಚಿಗೆ 230–240, ಅದಕ್ಕೂ ಅಗಲವಾಗಿದ್ದರೆ ಅಥವಾ ಸೀಟು ಎತ್ತರವಿದ್ದರೆ 240–260. ಗಿಡ್ಡ ಹುಟ್ಟಿನಿಂದ ಅಗಲದ ದೋಣಿ ಓಡಿಸಿದರೆ ಬೆರಳಗೆಣ್ಣು ಅಂಚಿಗೆ ಉಜ್ಜಿ ಸಿಪ್ಪೆ ಏಳುತ್ತದೆ.

ಜಾಕೆಟ್‌ನ ಒಳಗಿನ ಚೀಟಿ ಓದಿ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ. ಈಜು ಬಾರದವರಿಗೆ, ಚಿಕ್ಕ ಮಕ್ಕಳಿಗೆ 100 ನ್ಯೂಟನ್, ಕತ್ತಿನ ಹಿಂದೆ ಕಾಲರ್, ಕಾಲುಗಳ ನಡುವೆ ಪಟ್ಟಿ ಇರುವುದೇ ಬೇಕು. ಎಲ್ಲ ಬಕಲ್ ಹಾಕಿ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಕಿವಿ ಮುಟ್ಟಿದರೆ ಅದು ದೊಡ್ಡದು. ಬೆಳೆಯುವ ಮಗು ಎಂದು ಒಂದು ಅಳತೆ ದೊಡ್ಡದು ಕೊಳ್ಳುವ ಅಭ್ಯಾಸ ಬಟ್ಟೆಗೆ ಸರಿ, ಇಲ್ಲಿ ಅದು ಜೀವಕ್ಕೆ ಅಪಾಯ. ದೊಡ್ಡ ಜಾಕೆಟ್ ತೇಲುತ್ತದೆ, ಮಗು ಅದರಿಂದ ಜಾರುತ್ತದೆ.

ಕೊಳ್ಳುವ ದಿನದ ಪರೀಕ್ಷೆ

ಅದೇ ಮಾದರಿಯನ್ನು, ಆಗದಿದ್ದರೆ ಅದೇ ಅಳತೆಯದನ್ನು ಒಂದು ದಿನ ಬಾಡಿಗೆಗೆ ಪಡೆದು, ಮಾರ್ಗದರ್ಶಕರೊಬ್ಬರು ಪಕ್ಕದಲ್ಲಿರುವಾಗ ಹೀಗೆ ನೋಡಿ:

1. ಕಾಲೊರೆಗೆ (ಪಾದ ಊರುವ ಆಸರೆಗೆ) ಪಾದ ಒತ್ತಿ, ಮಂಡಿ ಸ್ವಲ್ಪ ಮಡಿಸಿ ಅರ್ಧ ಗಂಟೆ ಕೂರಿ. ಕಾಲು ಜೋಮು ಹಿಡಿದರೆ ಸೀಟು ಅಥವಾ ಕಾಲೊರೆ ನಿಮ್ಮ ಅಳತೆಯದಲ್ಲ.
2. ಹತ್ತು ಎಳೆತ ಜೋರಾಗಿ ಎಳೆದು ಹುಟ್ಟನ್ನು ಎತ್ತಿಬಿಡಿ. ದೋಣಿ ಎರಡು ಮೂರು ದೋಣಿಯುದ್ದ ನೇರ ಜಾರಬೇಕು. ಕೂಡಲೇ ಪಕ್ಕಕ್ಕೆ ತಿರುಗಿಬಿಟ್ಟರೆ ಅದಕ್ಕೆ ತಳದ ಹಿಂಬದಿಯಲ್ಲಿ ನೀರಿಗಿಳಿದು ದೋಣಿಯನ್ನು ನೇರ ಹಿಡಿಯುವ ರೆಕ್ಕೆ ಬೇಕು.
3. ಗಾಳಿಗೆ ಅಡ್ಡಲಾಗಿ ಹೋಗಿ ನೋಡಿ. ಒಂದೇ ಕಡೆ ಎಳೆಯುತ್ತಲೇ ಇರಬೇಕಾದರೆ ದೊಡ್ಡ ಬಯಲಿಗೆ ಆ ದೋಣಿ ಬೇಡ.
4. ಎದೆಮಟ್ಟದ ಶುದ್ಧ ನೀರಿನಲ್ಲಿ ಬೇಕೆಂದೇ ಮಗುಚಿ. ದೋಣಿ ತಿರುಗಿಸಿ, ಬದಿಯಲ್ಲಿ ಮೈ ಅಡ್ಡ ಚಾಚಿ, ಕಾಲು ಬಡಿಯುತ್ತ ಹೊಟ್ಟೆಯನ್ನು ದೋಣಿಯ ಮೇಲೆ ಎಳೆದುಕೊಳ್ಳಿ, ಹೊರಳಿ ಕೂರಿ, ಆಮೇಲೆ ಕಾಲು ಒಳಗಿಡಿ. ಮೂರು ಸಲ ಪ್ರಯತ್ನಿಸಿದರೂ ಹತ್ತಲಾಗದ ದೋಣಿಯನ್ನು ಕೊಳ್ಳಬೇಡಿ.

ನಾಲ್ಕನೆಯದನ್ನು ಬಿಟ್ಟು ಉಳಿದೆಲ್ಲ ಮಾಡುವವರೇ ಹೆಚ್ಚು. ನಮ್ಮ ಮಟ್ಟಿಗೆ ಅದೊಂದೇ ಉಳಿದ ಮೂರಕ್ಕೂ ಮೇಲು.

ಹಳೆಯ ದೋಣಿಯಾದರೆ ಮುಚ್ಚಳ ತೆರೆದು ಮೊಬೈಲಿನ ಟಾರ್ಚ್ ಒಳಗಿಟ್ಟು ಹೊರಗಿನಿಂದ ಸ್ಕಪ್ಪರ್ ತೂತುಗಳ ಸುತ್ತ ನೋಡಿ. ಬಿರುಕು ಮೊದಲು ಬರುವುದು ಅಲ್ಲೇ, ಅದರಲ್ಲೂ ತೂತಿಗೆ ತೂರಿಸುವ ಗಾಲಿಯ ಮೇಲೆ ಎಳೆದ ದೋಣಿಯಲ್ಲಿ. ಮೂತಿಯಿಂದ ಹಿಂದಿನ ತುದಿಗೆ ದಾರ ಬಿಗಿದು ತಳ ಸೊಟ್ಟಗಿದೆಯೇ ನೋಡಿ. ಬಣ್ಣ ಮಾಸಿ ಬಿಳಿಪುಡಿ ಕೈಗೆ ಹತ್ತಿದರೆ ಬಿಸಿಲಿಗೆ ಪ್ಲಾಸ್ಟಿಕ್ ಸತ್ತಿದೆ ಎಂದು ಅರ್ಥ, ಅದು ಒಡೆಯುತ್ತದೆ. ಪಾಲಿಥೀನ್‌ಗೆ (ಇಂಥ ದೋಣಿಯ ಪ್ಲಾಸ್ಟಿಕ್ ಅದೇ) ಫೈಬರ್‌ಗ್ಲಾಸಿನ ಅಂಟು ಹಿಡಿಯುವುದಿಲ್ಲ. ಹಾಗೆ ತೇಪೆ ಹಾಕಿದ ದೋಣಿ ಎಷ್ಟು ಅಗ್ಗಕ್ಕೆ ಬಂದರೂ ಬೇಡ.

ಮನೆಗೆ ತಂದ ಮೇಲೆ

ಬೆಂಗಳೂರಿನಲ್ಲಿ ಜೂನ್, ಜುಲೈ ಗಾಳಿಯ ತಿಂಗಳು, ಏಪ್ರಿಲ್, ಮೇ ಸಂಜೆ ಗುಡುಗು ಸಿಡಿಲು. ಮುಂಜಾನೆ ಆರಕ್ಕೆ ನೀರಿಗಿಳಿದು ಹತ್ತರೊಳಗೆ ಮೇಲೆ ಬನ್ನಿ. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾಗತೊಡಗಿದರೆ ಗಾಳಿ ಗಂಟೆಗೆ 15–20 ಕಿ.ಮೀ. ಮುಟ್ಟಿದೆ ಎಂದು ತಿಳಿದು ಹೊಸಬರು ದಡದತ್ತ ತಿರುಗಬೇಕು.

ಗಟ್ಟಿ ದೋಣಿಯನ್ನು ಮಗುಚಿ, ಎರಡು ತುದಿಯಿಂದಲೂ ಉದ್ದದ ಕಾಲುಭಾಗ ಒಳಗೆ ಒಂದೊಂದು ಅಗಲ ಪಟ್ಟಿಯ ಮೇಲೆ ಮಲಗಿಸಿ. ತುದಿಯ ಹಿಡಿಕೆಗಳಿಂದ ತೂಗುಹಾಕಿದರೆ ವರ್ಷದೊಳಗೆ ನಡು ಬಾಗುತ್ತದೆ. ತಾರಸಿಯಲ್ಲಾದರೆ ನೆರಳುಬಟ್ಟೆ ಹೊದಿಸಿ, ಬಿಗಿಯಾದ ಪ್ಲಾಸ್ಟಿಕ್ ಹೊದಿಕೆ ಬೇಡ. ಗಾಳಿಯ ದೋಣಿಯನ್ನು ಮನೆಗೆ ಬಂದ ದಿನವೇ ಅರ್ಧ ಉಬ್ಬಿಸಿ, ಅಳಿವೆಯ ಉಪ್ಪುನೀರಿಗೆ ಹೋಗಿದ್ದರೆ ಸಿಹಿನೀರಿನಲ್ಲಿ ತೊಳೆದು, ಕೊಳವೆ ಮತ್ತು ತಳ ಸೇರುವ ಸಂದಿನ ನೀರನ್ನು ಹಳೆಯ ಪಂಚೆಯಿಂದ ಒರೆಸಿ ತೆಗೆಯಿರಿ. ಮಳೆಗಾಲದಲ್ಲಿ ಆ ಸಂದಿ ಫ್ಯಾನಿನ ಕೆಳಗೂ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಎರಡು ದಿನ ಬಿಟ್ಟು, ಬೆರಳು ಹಾಕಿ ನೋಡಿ, ಆಮೇಲೆ ಮಡಚಿ.